ಬೋಕಿ ಚೌಡಕ್ಕನ ನೆಲ

ಚೌಡಕ್ಕ ಬೀದಿಗೆ ಬಂದಳೆಂದರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಸೊಂಟಕ್ಕೆ ಸಿಕ್ಕಿಸಿದ ಸೆರಗಿನ ಮಡಿಲಲ್ಲಿ ಒಡೆದ ಹೆಂಚಿನ ಚೂರುಗಳು ಒಂದಕ್ಕೊಂದು ತಾಗಿ ಕಟಕಟ ಅನ್ನುತ್ತಿದ್ದವು. ಸಂತೆಗೆ ಹೋದವರೆಲ್ಲ ಸೊಪ್ಪು ತಂದರೆ ಇವಳು ಸೊಪ್ಪನ್ನು ಕಂಕುಳಲ್ಲಿ ಇರುಕಿಕೊಂಡು ಮಡಿಲ ತುಂಬ ಬೋಕಿ ತರುತ್ತಿದ್ದಳು. ಯಾರದೋ ಸೂರಿನಿಂದ ಜಾರಿ ಬಿದ್ದ ಹೆಂಚು, ಬಾವಿಕಟ್ಟೆಯಲ್ಲಿ ಒಡೆದ ಮಡಕೆ, ಗೂಡಿನಲ್ಲಿ ಸುಟ್ಟು ಕರಕಲಾದ ಇಟ್ಟಿಗೆಯ ತುಂಡು, ಏನು ಕಂಡರೂ ಬಗ್ಗಿ ಎತ್ತಿಕೊಳ್ಳುವಳು. ಒಳ್ಳೆ ಎತ್ತರದ ಹೆಂಗಸು. ಅವಳು ಬಗ್ಗಿ ಏಳುವುದನ್ನು ನೋಡುವುದಕ್ಕೇ ನಮ್ಮ ಬೀದಿಯ ಗಂಡಸರು ಮಗ್ಗ ನಿಲ್ಲಿಸಿ ಬಾಗಿಲಿಗೆ ಬರುತ್ತಿದ್ದರು.

"ಏನ್ ಚೌಡಕ್ಕ, ಇವತ್ತು ಬೋಕಿ ಸಾರಾ?" ಎಂದು ಯಾರಾದರೂ ಕೇಳಿದರೆ, "ಹೂಂ ಕಣಪ್ಪ, ಬಟ್ಲು ತಗೊಂಡ್ಬಾ, ನಿಂಗೂ ಹಾಕ್ತೀನಿ" ಎಂದು ನಿಲ್ಲದೆ ಹೋಗುತ್ತಿದ್ದಳು.

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಅವಳ ಹೆಸರು ಬೋಕಿ ಚೌಡಕ್ಕ. ನಾನು ದೇವನಹಳ್ಳಿಯಿಂದ ಆ ಬೀದಿಗೆ ಸೊಸೆಯಾಗಿ ಬಂದಾಗ ಎರಡನೆಯ ಮಹಾಯುದ್ಧ ಶುರುವಾಗಿತ್ತು. ನಮ್ಮ ಮನೆ ಗೋಡೆಗೂ ಅವಳ ಹಿತ್ತಲಿಗೂ ನಡುವೆ ಒಂದು ಬೇಲಿ. ಮದುವೆಯಾದ ಹೊಸತು, ತೌರಿನ ನೆನಪು. ನೂಲಿನ ರಾಟೆ ಮುಂದೆ ಕೂತು ಸದ್ದಿಲ್ಲದೆ ಅಳುತ್ತಿದ್ದೆ. ಒಂದು ದಿನ ಬೇಲಿಯಾಚೆಯಿಂದ ದನಿ ಬಂತು. "ಏ ಹುಡುಗಿ, ನೂಲು ನೆಂದ್ರೆ ನಿಮ್ಮತ್ತೆ ಬೈತಾರೆ. ಅಳೋದಿದ್ರೆ ಇಲ್ಲಿ ಬಾ, ನಮ್ಮ ಹಿತ್ಲು ಮೊದ್ಲೇ ನೆಂದೈತೆ." ನಾನು ಅಳುತ್ತಲೇ ನಕ್ಕುಬಿಟ್ಟೆ. ಅಂದಿನಿಂದ ನನಗೆ ಆ ಊರಿನಲ್ಲಿ ಒಬ್ಬರು ಸಿಕ್ಕ ಹಾಗಾಯಿತು.

ಅವಳ ಹಿತ್ತಲು ನೆಂದಿದ್ದದ್ದು ತಮಾಷೆಯ ಮಾತಲ್ಲ. ಅವಳ ಗಂಡ ಲಿಂಗಣ್ಣ ಮತ್ತು ಲಿಂಗಣ್ಣನ ಅಣ್ಣ ನಾಗಪ್ಪನವರು ಬೇರೆಯಾದಾಗ ಚೀಟಿ ಎತ್ತಿದರು. ಬೀದಿ ಮುಂದಿನ ಮನೆ ಅಣ್ಣನಿಗೆ ಬಂತು, ಹಿಂದಿನ ಜಾಗ ತಮ್ಮನಿಗೆ. ಆ ಹಿಂದಿನ ಜಾಗ ಒಂದು ಕಾಲಕ್ಕೆ ಬಣ್ಣದ ನೂಲು ತೊಳೆಯುವ ಹೊಂಡವಾಗಿತ್ತಂತೆ. ಆಮೇಲೆ ಕೆರೆಯ ಗೋಡುಮಣ್ಣು ತಂದು ಮುಚ್ಚಿದ್ದರು. ಹೊಂಡ ಮುಚ್ಚಿತು, ಮಣ್ಣು ಮಾತ್ರ ಗಟ್ಟಿಯಾಗಲಿಲ್ಲ. ಕಪ್ಪು ಜೇಡಿ. ಮಳೆ ಬಂದರೆ ಉಬ್ಬಿ ಬೆಣ್ಣೆಯಂತೆ ಜಾರುತ್ತಿತ್ತು. ಬೇಸಗೆಯಲ್ಲಿ ಕೈ ತೂರುವಷ್ಟು ಬಿರುಕು. ಚೌಡಕ್ಕ ಅದನ್ನು ಯಾವಾಗಲೂ ಒಬ್ಬ ಮನುಷ್ಯನ ವಿಷಯ ಹೇಳಿದ ಹಾಗೆ ಹೇಳುತ್ತಿದ್ದಳು: "ಇವತ್ತು ಮುನಿಸ್ಕೊಂಡೈತೆ." "ಇವತ್ತು ಕುಡ್ಕೊಂಡು ಬಿದ್ದೈತೆ."

ಆ ಮಣ್ಣಿನ ಮೇಲೆ ಗಂಡ ಹೆಂಡತಿ ಕಲ್ಲಿನ ಪಾಯ ಹಾಕಿ, ಮಣ್ಣಿನ ಗೋಡೆ ಎಬ್ಬಿಸಿ, ಹೆಂಚು ಹೊದಿಸಿ ಒಂದು ಮಗ್ಗ ಹೂಡಿದ್ದರು. ಆಗೆಲ್ಲ ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ತುಳಿಯಬೇಕು. ಲಿಂಗಣ್ಣನ ಗುಂಡಿಯಲ್ಲಿ ಆಷಾಢದಿಂದ ದೀಪಾವಳಿಯವರೆಗೆ ನೀರು ಒಸರುತ್ತಿತ್ತು. ಅವನು ತುಂಬ ನಯವಾದ ಮನುಷ್ಯ, ಕೆಲಸವೂ ಅಷ್ಟೇ ನಯ. ಅವನು ನೇಯ್ದ ಸೀರೆಯ ಅಂಚು ಅಕ್ಕಸಾಲಿಗನ ಕೆಲಸದ ಹಾಗಿರುತ್ತಿತ್ತು. ಆದರೆ ನೆಲ ಒಂದು ಕಡೆ ಕುಸಿದು ಮಗ್ಗದ ಕಂಬ ವಾಲಿದ ಮೇಲೆ ಅಂಚು ಸೊಟ್ಟಗಾಗತೊಡಗಿತು. ಸೀರೆ ಕೊಳ್ಳುತ್ತಿದ್ದ ಸಾಹುಕಾರರು ಬಿಡಿಸಿ ನೋಡಿ, ಮಡಿಚಿ ವಾಪಸು ಕೊಟ್ಟರು. ಅವನ ಮೊಣಕಾಲು ಊದಿಕೊಂಡಿತು. ಬೆಳಗ್ಗೆ ಗೋಡೆ ಹಿಡಿದು ಏಳುತ್ತಿದ್ದ.

ಒಂದು ಮಳೆಗಾಲದ ಬೆಳಗ್ಗೆ ಆ ಗೋಡೆಯೂ ಹೋಯಿತು. ಲಿಂಗಣ್ಣ ಅಂಬಲಿ ಕುಡಿಯಲು ಎದ್ದು ಅಡಿಗೆ ಒಲೆಯ ಹತ್ತಿರ ಹೋಗಿದ್ದ. ಹಿಂದಿನ ಗೋಡೆ ನಿಧಾನವಾಗಿ ಒಳಕ್ಕೆ ವಾಲಿ ಮಗ್ಗದ ಮೇಲೆ ಕೂತಿತು. ದೊಡ್ಡ ಸದ್ದೇನೂ ಆಗಲಿಲ್ಲ. ಬೇಲಿ ದಾಟಿ ಓಡಿದಾಗ ಚೌಡಕ್ಕ ಗಂಡನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಅರ್ಧ ನೇಯ್ದ ಸೀರೆ ಮಣ್ಣಿನಡಿ ಸಿಕ್ಕಿ, ಅದರ ಹಸಿರು ಅಂಚು ಮಾತ್ರ ಹೊರಗೆ ಕಾಣುತ್ತಿತ್ತು.

ನಾಗಪ್ಪನವರು ಕೆಟ್ಟವರಲ್ಲ. ಕೂಡಲೇ ಬಂದರು, ಆಳು ಕರೆಸಿ ಮಣ್ಣು ತೆಗೆಸಿದರು. ಆಮೇಲೆ ತಮ್ಮನ ಹೆಗಲ ಮೇಲೆ ಕೈಯಿಟ್ಟು, "ನೋಡು ಲಿಂಗ, ಈ ನೆಲದಲ್ಲಿ ಮನೆ ನಿಲ್ಲಲ್ಲ. ನಮ್ಮಲ್ಲಿ ಒಂದು ಮಗ್ಗ ಖಾಲಿ ಐತೆ. ಬಂದು ಕೂತ್ಕೋ. ಇಬ್ರಿಗೂ ಊಟಕ್ಕೆ ಯೋಚನೆ ಇಲ್ಲ" ಎಂದರು.

ಲಿಂಗಣ್ಣ ಹೂಂ ಅನ್ನುವುದರಲ್ಲಿದ್ದ. ಚೌಡಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಭಾವ, ನಿಮ್ಮ ಮನಸ್ಸು ದೊಡ್ಡದು. ಈ ಮಳೆಗಾಲ ಅವ್ರು ನಿಮ್ಮಲ್ಲೇ ನೇಯಲಿ. ಯುಗಾದಿ ಹೊತ್ತಿಗೆ ನಮ್ಮ ಮನೇಲಿ ನೇಯ್ತಾರೆ" ಅಂದಳು.

"ಎಲ್ಲಿ ಮನೆ, ತಾಯಿ?"

"ಇಲ್ಲೇ."

ಅವರು ಆ ಕೆಸರನ್ನೊಮ್ಮೆ ನೋಡಿದರು, ಇವಳನ್ನೊಮ್ಮೆ ನೋಡಿದರು. ಪಂಚೆ ಎತ್ತಿ ಕಟ್ಟಿ ಕೆಸರು ದಾಟಿ ಹೋದರು.

ಆಮೇಲೆ ಅವಳು ನನ್ನೊಬ್ಬಳ ಹತ್ತಿರ ಹೇಳಿದಳು: "ಅಣ್ಣನ ಮಗ್ಗದಲ್ಲಿ ತಮ್ಮ ಕೂತ್ರೆ ತಪ್ಪೇನಿಲ್ಲ ಕಣೇ ಜಯಾ. ಆದ್ರೆ ಅವ್ರು ಅಲ್ಲಿಗೆ ಹೋದ್ರೆ ಮಾತೇ ಬಿಟ್ಬಿಡ್ತಾರೆ. ಈಗ್ಲೇ ನಾಲ್ಕು ಮಾತಾಡ್ತಾರೆ, ಅದೂ ಹೋಗ್ತದೆ."

ಪಾಯ ಗಟ್ಟಿ ಮಾಡುವುದು ಹೇಗೆ ಅನ್ನುವುದು ಅವಳಿಗೂ ಗೊತ್ತಿರಲಿಲ್ಲ. ಸಿಮೆಂಟು ಆ ಕಾಲದಲ್ಲಿ ನಮ್ಮಂಥವರ ಕಣ್ಣಿಗೆ ಬೀಳುವ ವಸ್ತುವಲ್ಲ. ಎಲ್ಲ ಯುದ್ಧದ ಕೆಲಸಕ್ಕೆ ಹೋಗುತ್ತಿತ್ತು. ಯಾರೋ ಹೇಳಿದರೆಂದು ಮರಳು ತುಂಬಿ ನೋಡಿದಳು, ಜೇಡಿ ಅದನ್ನು ನುಂಗಿಕೊಂಡು ಸುಮ್ಮನಾಯಿತು. ಗೋಡೆಯ ಮಣ್ಣಿಗೆ ಹುಲ್ಲು ಹಾಕುವ ಹಾಗೆ, ಕತ್ತರಿಸಿ ಬಿಸಾಕುವ ನೂಲಿನ ತುಂಡುಗಳನ್ನೆಲ್ಲ ಬೀದಿಯಿಂದ ಕೂಡಿಸಿ ಬೆರೆಸಿದಳು. ಆ ನೂಲು ಕೊಳೆತು ಹದಿನೈದು ದಿನ ನಮ್ಮ ಮನೆಯಲ್ಲಿ ಯಾರೂ ಹಿತ್ತಲ ಬಾಗಿಲು ತೆಗೆಯಲಿಲ್ಲ. ನಮ್ಮತ್ತೆ ಮೂಗು ಮುಚ್ಚಿಕೊಂಡು ಬೈದರೆ, ಬೇಲಿಯಾಚೆಯಿಂದ "ನೀವು ಬೈದಿದ್ದು ಸರಿ ಐತೆ ಅತ್ತೆ, ನಂಗೂ ತಡೆಯಕ್ಕಾಗ್ತಿಲ್ಲ" ಎಂದು ಉತ್ತರ ಬಂತು.

ದಾರಿ ಸಿಕ್ಕಿದ್ದು ಒಂದು ಸಂಜೆ ಬಟ್ಟೆ ಒಗೆದುಕೊಂಡು ಬರುವಾಗ. ಹಿಂದಿನ ದಿನ ಜೋರು ಮಳೆಯಾಗಿತ್ತು. ಊರ ಹೊರಗೆ ಸುಣ್ಣದ ಗೂಡು, ಅದರ ಪಕ್ಕಕ್ಕೆ ಅಕ್ಕಿ ಗಿರಣಿ. ಎರಡರ ನಡುವಿನ ಗಾಡಿಜಾಡಿನಲ್ಲಿ ಬತ್ತದ ಮೂಟೆ ಹೇರಿದ ಒಂದು ಗಾಡಿ ಅಚ್ಚಿನವರೆಗೆ ಹೂತು ನಿಂತಿತ್ತು. ಗಾಡಿಯವನು ಎತ್ತಿನ ಬಾಲ ತಿರುಚಿ, ನಾವೂ ಬಟ್ಟೆಗಂಟು ಇಳಿಸಿ ಚಕ್ರಕ್ಕೆ ಹೆಗಲು ಕೊಟ್ಟು, ಹೇಗೋ ಮೇಲಕ್ಕೆ ಬಂತು. ಮುಂದಿನ ಹತ್ತಾರು ಮಾರು ಗಾಡಿ ಹೂವಿನ ಹಾಗೆ ಓಡಿತು. ಮತ್ತೆ ಆಚೆ ಹೂತಿತು. ಗಾಡಿಯವನು ಶಪಿಸುತ್ತಿದ್ದ. ಚೌಡಕ್ಕ ಮಾತ್ರ ಆ ನಡುವಿನ ಜಾಗದಲ್ಲೇ ನಿಂತುಬಿಟ್ಟಳು. ಹಿಮ್ಮಡಿಯಿಂದ ಗುದ್ದಿದಳು. ಕೆಳಗೆಲ್ಲ ಅದೇ ಕಪ್ಪು ಜೇಡಿ, ಆದರೂ ಅಷ್ಟು ಜಾಗ ಬಂಡೆಯಂತಿತ್ತು.

"ಜಯಾ, ಇಲ್ಲಿ ಏನ್ ಸುರೀತಾರೆ?"

"ಕಸ."

"ಯಾವ್ ಕಸ ಹೇಳೇ."

ನೋಡಿದೆ. ಒಂದು ಕಡೆಯಿಂದ ಗೂಡಿನವರು ಅರೆಬೆಂದ ಸುಣ್ಣದ ಹರಳು, ಪುಡಿ ಸುರಿಯುತ್ತಿದ್ದರು. ಇನ್ನೊಂದು ಕಡೆಯಿಂದ ಗಿರಣಿಯವರು ಒಲೆಯ ಹೊಟ್ಟಿನ ಬೂದಿ. ನಡುವೆ ಊರವರು ಬಿಸಾಕಿದ ಹೆಂಚು, ಇಟ್ಟಿಗೆ ಚೂರು. ವರ್ಷಗಟ್ಟಲೆ ಗಾಡಿಗಳು ಅದನ್ನೆಲ್ಲ ತುಳಿದು ತುಳಿದು ಒಂದು ಮಾಡಿದ್ದವು. ಚೌಡಕ್ಕ ಕಲ್ಲಿನಿಂದ ಕುಟ್ಟಿ ಒಂದು ಹೆಂಟೆ ಎಬ್ಬಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡಳು. ಮನೆಗೆ ಬಂದು ಎರಡು ಬೋಗುಣಿಯಲ್ಲಿ ನೀರು ತುಂಬಿ, ಒಂದರಲ್ಲಿ ಆ ಹೆಂಟೆ, ಇನ್ನೊಂದರಲ್ಲಿ ತನ್ನ ಹಿತ್ತಲಿನ ಒಣ ಹೆಂಟೆ ಹಾಕಿದಳು. ನಾವು ರಾಗಿ ಕಲ್ಲು ತಿರುವಿ ಎದ್ದು ಬರುವ ಹೊತ್ತಿಗೆ ಹಿತ್ತಲ ಹೆಂಟೆ ಕರಗಿ ಅಂಬಲಿಯಾಗಿತ್ತು. ಗಾಡಿಜಾಡಿನದು ನೀರೊಳಗೆ ಹಾಗೇ ಕೂತಿತ್ತು. ಅವಳು ಕೈ ಹಾಕಿ ಅದನ್ನೆತ್ತಿ, ಕೆನ್ನೆಗೆ ಒತ್ತಿಕೊಂಡಳು.

ಅಲ್ಲಿಂದ ಆ ಮನೆಯ ಅಡಿಗೆಯೇ ಬದಲಾಯಿತು. ಜೇಡಿ, ಸುಣ್ಣದ ಕಸ, ಹೊಟ್ಟಿನ ಬೂದಿ, ಕುಟ್ಟಿ ಪುಡಿ ಮಾಡಿದ ಬೋಕಿ. ಒಂದು ಹೆಚ್ಚು, ಒಂದು ಕಡಿಮೆ ಹಾಕಿ ಕಲಸಿ ಮುದ್ದೆ ಕಟ್ಟುವಳು. ನಾನೂ ಕಟ್ಟಿದೆ. ಮುದ್ದೆಗಳನ್ನು ಸಾಲಾಗಿ ಹಲಗೆಯ ಮೇಲಿಟ್ಟು, ಮೇಲೆ ಒದ್ದೆ ಗೋಣಿತಾಟು ಹೊದಿಸಿ, ಕೆಲವು ದಿನ ಬಿಟ್ಟು ನೀರಿಗೆ ಹಾಕುವುದು. ಯಾವುದು ಯಾವುದೆಂದು ಮರೆಯದಿರಲು ಮುದ್ದೆಯ ನೆತ್ತಿಗೆ ಕಡಲೆಕಾಳು, ಹುಣಿಸೆಬೀಜ ಒತ್ತುತ್ತಿದ್ದಳು. ಅಣ್ಣನ ಮನೆಯಿಂದ ಹಸಿದು ಬಂದ ಲಿಂಗಣ್ಣ ಕತ್ತಲ ಮೂಲೆಯಲ್ಲಿ ಕೂತು ಒಂದನ್ನು ಮುರಿಯಲು ನೋಡಿದ.

"ಏನೂಂದ್ರೆ, ಅದು ಮನೆದು!" ಎಂದು ಇವಳು ಕೂಗಿದಳು.

"ಮನೆದೇ ತಾನೆ ತಿಂತಿರೋದು?" ಎಂದ ಲಿಂಗಣ್ಣ. ಅವನು ಬಾಯಿಬಿಟ್ಟು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಚೌಡಕ್ಕ ನೆಲಕ್ಕೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ಮಳೆಗಾಲ ಮುಗಿದ ಮೇಲೆ ಕೆಲಸ ಶುರುವಾಯಿತು. ಬೋಕಿ ತರುವುದು ಬೀದಿಗೆಲ್ಲ ನಗೆಯ ಮಾತಾದದ್ದು ಆಗಲೇ. ಸುಣ್ಣದ ಗೂಡಿನವರು ಕಸ ಕೇಳಿದ್ದಕ್ಕೆ ಖುಷಿಯಾಗಿ ಗಾಡಿಯಲ್ಲಿ ತಂದು ಸುರಿದರು. ಗಿರಣಿಯವನು ಬೂದಿಯನ್ನು ಪಾತ್ರೆ ತಿಕ್ಕಲು ಕೇಳುತ್ತಿದ್ದಾಳೆಂದು ತಿಳಿದು ಒಂದು ಪುಟ್ಟಿ ಕೊಟ್ಟ, ಇವಳು ಗಾಡಿ ಹೂಡಿಕೊಂಡು ಹೋದಾಗ ಬೆರಗಾಗಿ, "ಎಷ್ಟು ಪಾತ್ರೆ ಐತಮ್ಮ ನಿಮ್ಮನೇಲಿ?" ಎಂದು ಕೇಳಿದನಂತೆ. ಪಾಯದ ಗೆರೆ ಎಳೆದು ಸೊಂಟದುದ್ದ ತೋಡಿ, ತೋಡಿದ ಜೇಡಿಯನ್ನೇ ಒಣಗಿಸಿ, ಪುಡಿ ಮಾಡಿ, ಇದೆಲ್ಲ ಬೆರೆಸಿ, ನೀರು ಚಿಮುಕಿಸಿ, ಗೋಣಿ ಮುಚ್ಚಿ ಕಾಯುವುದು. ಆಮೇಲೆ ಗೇಣುದ್ದ ಗೇಣುದ್ದ ತುಂಬಿ ಮರದ ದಿಮ್ಮಿಯಿಂದ ಕುಟ್ಟುವುದು. ಇಬ್ಬರು ಆಳು ಇದ್ದರು, ಜೊತೆಗೆ ನಾನು, ನನ್ನ ಗಂಡ. ಲಿಂಗಣ್ಣ ಊದಿದ ಕಾಲಿನಲ್ಲಿ ಕುಟ್ಟಲಾಗದೆ ಪಕ್ಕದಲ್ಲಿ ಕೂತು ಇಟ್ಟಿಗೆ ಪುಡಿ ಜರಡಿ ಹಿಡಿಯುತ್ತಿದ್ದ.

ಸುಣ್ಣ ಅವಳ ಕೈ ತಿಂದುಹಾಕಿತು. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಬೆರಳು ಮಡಚಲಾಗುತ್ತಿರಲಿಲ್ಲ. ಮಧ್ಯಾಹ್ನ ನಾನು ಕೊಬ್ಬರಿ ಎಣ್ಣೆ ಸವರಿ, ಅನ್ನ ಕಲಸಿ ತಿನ್ನಿಸುತ್ತಿದ್ದೆ. ಒಮ್ಮೆ, "ಸಾಕು ಬಿಡಕ್ಕ, ನಾಲ್ಕು ದಿನ ಸುಧಾರಿಸ್ಕೋ" ಅಂದೆ.

"ಅವ್ರು ನಿನ್ನೆ ರಾತ್ರಿ ನಿದ್ದೇಲಿ ಕಾಲು ತುಳೀತಿದ್ರು ಕಣೇ. ಮಗ್ಗ ತುಳಿಯೋ ಹಂಗೆ" ಅಂದಳು. ಇನ್ನೊಂದು ತುತ್ತಿಗೆ ಬಾಯಿ ತೆರೆದಳು.

ಯುಗಾದಿಗೆ ಆಗಲಿಲ್ಲ. ಮನೆ ಎದ್ದದ್ದು ವೈಶಾಖ ಕಳೆದ ಮೇಲೆ. ಪಾಯಕ್ಕೆ ಹಾಕಿದ್ದನ್ನೇ ಒಳಗಿನ ನೆಲಕ್ಕೂ, ಮಗ್ಗದ ಗುಂಡಿಯ ನಾಲ್ಕು ಕಡೆಗೂ ಹಾಕಿ ಮೆತ್ತಿದ್ದಳು. ನಾಗಪ್ಪನವರು ಬಂದು ಮೂಲೆಮೂಲೆಯಲ್ಲೂ ಕಾಲು ಊರಿ ನೋಡಿ, "ಮಳೆ ಬರಲಿ ತಾಯಿ" ಅಂದರು. ಅದರಲ್ಲಿ ಕುಹಕವಿರಲಿಲ್ಲ, ಭಯವಿತ್ತು.

ಮಳೆ ಬಂತು. ಆ ವರ್ಷದ ಮೊದಲ ದೊಡ್ಡ ಮಳೆ ನಡು ಮಧ್ಯಾಹ್ನ ಹಿಡಿದು ಸಂಜೆವರೆಗೂ ಸುರಿಯಿತು. ಹಿತ್ತಲಲ್ಲಿ ಮೊಣಕಾಲುದ್ದ ನೀರು ನಿಂತಿತು. ಲಿಂಗಣ್ಣ ಮಗ್ಗದಲ್ಲಿ ಕೂತಿದ್ದ. ಚೌಡಕ್ಕ ಅವನ ಪಕ್ಕದಲ್ಲಿ ನೆಲಕ್ಕೆ ಅಂಗೈ ಒತ್ತಿಕೊಂಡು ಕೂತಿದ್ದಳು, ಮಗುವಿಗೆ ಜ್ವರ ಇದೆಯೋ ಎಂದು ನೋಡುವ ಹಾಗೆ. ನಾನು ಬಾಗಿಲಲ್ಲಿ ನಿಂತಿದ್ದೆ. ನಾಗಪ್ಪನವರು ತಲೆಯ ಮೇಲೆ ಗೋಣಿಕೊಪ್ಪೆ ಹೊದ್ದು, ಹೊಸ್ತಿಲ ಹೊರಗೆ ನೀರಲ್ಲೇ ನಿಂತು ಗೋಡೆಯನ್ನು ನೋಡುತ್ತಿದ್ದರು. ಮಗ್ಗದ ಸದ್ದು ಮಾತ್ರ ಒಂದೇ ಸಮ ನಡೆದಿತ್ತು. ಮಳೆ ನಿಂತ ಮೇಲೆ ಲಿಂಗಣ್ಣ ಗುಂಡಿಯೊಳಗಿಂದ ಕಾಲು ಮೇಲೆತ್ತಿ ನೆಲದ ಮೇಲಿಟ್ಟ. ಪಾದ ಒಣಗಿತ್ತು. ಚೌಡಕ್ಕ ಆ ಪಾದವನ್ನು ಮುಟ್ಟಿ ನೋಡಿ, ಎದ್ದು ಒಲೆಯ ಕಡೆ ಹೋಗಿ ನಮಗೆ ಬೆನ್ನು ಮಾಡಿ ನಿಂತಳು. ನಾಗಪ್ಪನವರು ಒಳಗೆ ಬಂದು, "ಏನಾದ್ರೂ ಬಿಸಿಗೆ ಕಾಯ್ಸಮ್ಮ, ನಡುಗ್ತಿದ್ದೀನಿ" ಎಂದರು.

ಆಮೇಲೆ ಅಂಥದೇ ಜೇಡಿಯ ಮೇಲಿದ್ದ ಕೆಳಗಿನ ಕೇರಿಯವರೆಲ್ಲ ತಮ್ಮ ನೆಲಕ್ಕೂ ಅವಳನ್ನು ಕರೆಯತೊಡಗಿದರು. ಅವಳಿಗೂ ಸ್ವಲ್ಪ ಗತ್ತು ಬಂತು. ಯಾರ ಜಾಗಕ್ಕೆ ಹೋದರೂ ಮೊದಲು ಒಂದು ಹಿಡಿ ಮಣ್ಣು ತೆಗೆದು ಮೂಸಿ ನೋಡಿ, "ಹೂಂ" ಅನ್ನುವಳು. ಮೂಸಿ ಏನು ತಿಳಿಯುತ್ತದೆಂದು ನಾನು ಕೇಳಿದಾಗ, "ಏನೂ ಇಲ್ಲ. ಆದ್ರೆ ಅವ್ರು ಮಾತು ಕೇಳ್ತಾರೆ" ಎಂದು ಕಣ್ಣು ಮಿಟುಕಿಸಿದಳು.

ಒಂದು ಸಲ ಅವಳು ಎಡವಿದ್ದೂ ಉಂಟು. ಕೇರಿಯ ಮುನಿಶಾಮಣ್ಣನ ಮಗಳ ಮದುವೆ ಹತ್ತಿರವಿತ್ತು. ಮನೆಯ ನೆಲ ಬೇಗ ಆಗಬೇಕೆಂದು ಅವನು ಅವಸರ ಮಾಡಿದ, ಇವಳೂ ಒಪ್ಪಿದಳು. ಸುಣ್ಣದ ಹರಳನ್ನು ಸರಿಯಾಗಿ ಜರಡಿ ಹಿಡಿಯಲಿಲ್ಲ, ನೀರಲ್ಲಿ ಅರಳಲು ಬಿಡಲಿಲ್ಲ, ಹಾಗೇ ಬೆರೆಸಿ ಕುಟ್ಟಿಸಿಬಿಟ್ಟಳು. ಮದುವೆ ಮುಗಿದ ವಾರಕ್ಕೆ ಆ ಮನೆಯ ನೆಲ ಅಲ್ಲಲ್ಲಿ ಹುರಿದ ಜೋಳದ ಹಾಗೆ ಸಿಡಿದು ಗುಳ್ಳೆ ಎದ್ದಿತು. ಒಳಗೆ ಉಳಿದ ಹರಳುಗಳು ತೇವ ತಾಗಿ ಅರಳಿದ್ದವು. ಕೇರಿಯವರು ಗುಂಪು ಕೂಡಿದರು. ಯಾರೋ, "ಕಸ ಹಾಕಿದ್ರೆ ಕಸಾನೇ ಆಗೋದು" ಅಂದರು.

ಚೌಡಕ್ಕ ಬಂದು ನೆಲದ ಮೇಲೆ ಕೂತು ಆ ಗುಳ್ಳೆಗಳನ್ನು ಒಂದೊಂದಾಗಿ ಮುಟ್ಟಿದಳು. "ನಿಂದಲ್ಲ ಮುನಿಶಾಮಣ್ಣ, ಅವಸರ ನಂದು. ಆಗಲ್ಲ ಅನ್ನಬೇಕಾಗಿತ್ತು, ಅನ್ನಲಿಲ್ಲ" ಅಂದಳು. ಮಾರನೆಯ ದಿನ ಗುದ್ದಲಿ ತಗೊಂಡು ಹೋದಳು. ಯಾರನ್ನೂ ಕರೆಯಲಿಲ್ಲ. ನೆಲವನ್ನೆಲ್ಲ ಅಗೆದು, ಹರಳು ಆರಿಸಿ, ಮೊದಲಿಂದ ಮಾಡಿದಳು. ನಾನು ಹೋದಾಗ, "ನೀನು ಯಾಕೆ ಬಂದೆ?" ಎಂದು ಗದರಿದಳು, ಆಮೇಲೆ ಜರಡಿ ನನ್ನ ಕಡೆಗೆ ತಳ್ಳಿದಳು. ಮೂರನೆಯ ದಿನದ ಹೊತ್ತಿಗೆ ಮುನಿಶಾಮಣ್ಣನೂ, "ಕಸಾನೇ ಆಗೋದು" ಎಂದಿದ್ದವನೂ ದಿಮ್ಮಿ ಹಿಡಿದಿದ್ದರು. ಆ ಕೇರಿಯಲ್ಲಿ ಅವಳ ಮಾತು ನಡೆಯತೊಡಗಿದ್ದು, ನನ್ನ ಲೆಕ್ಕದಲ್ಲಿ, ಆ ಸೋಲಿನಿಂದ ಈಚೆಗೆ.

ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು. ನನ್ನ ಗಂಡನಿಗೆ ಬೆಂಗಳೂರಿನ ಒಂದು ಬಟ್ಟೆ ಗಿರಣಿಯಲ್ಲಿ ಕೆಲಸವಾಗಿ ನಾವು ಊರು ಬಿಟ್ಟೆವು. ಹಬ್ಬಕ್ಕೆ ಬಂದಾಗ ಬೇಲಿ ದಾಟಿ ಮೊದಲು ಅವಳ ಮನೆಗೇ ಹೋಗುತ್ತಿದ್ದೆ. ಒಂದು ದಸರೆಗೆ ಬಂದಾಗ ಅವಳು ಮಲಗಿದ್ದಳು. ಎಷ್ಟೋ ದಿನದಿಂದ ಬಿಡದ ಜ್ವರ. ಎತ್ತರದ ಆ ಮೈ ಚಾಪೆಯ ಮೇಲೆ ಹೇಗೋ ಸಣ್ಣದಾಗಿತ್ತು. ಮಗ್ಗದ ಪಕ್ಕಕ್ಕೇ ಹಾಸಿಕೊಂಡಿದ್ದಳು. "ಒಳಗೆ ಮಲಗು ಅಂದ್ರೆ ಕೇಳಲ್ಲ" ಎಂದ ಲಿಂಗಣ್ಣ.

"ಅಲ್ಲಿ ಸದ್ದು ಕೇಳಲ್ಲ" ಅಂದಳು.

ನನ್ನ ಬಾಡಿಗೆ ಮನೆ ಹೇಗಿದೆ, ನೀರು ಎಲ್ಲಿಂದ, ಪಕ್ಕದವರು ಎಂಥವರು ಎಂದೆಲ್ಲ ಕೇಳಿದಳು. ನನ್ನ ಮಗಳನ್ನು ಹೊಟ್ಟೆಯ ಮೇಲೆ ಕೂರಿಸಿಕೊಳ್ಳಲು ನೋಡಿ ಆಗದೆ, ಅವಳ ಕಾಲ್ಬೆರಳನ್ನು ಹಿಡಿದುಕೊಂಡಳು. ಆಮೇಲೆ, "ಜಯಾ, ತಲೆ ಬಾಚೇ. ಇವ್ರು ಬಾಚಿದ್ರೆ ನೂಲು ಎಳೆದಂಗೆ ಎಳೀತಾರೆ" ಅಂದಳು. ನಾನು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ನಿಧಾನವಾಗಿ ಬಾಚಿದೆ. ಲಿಂಗಣ್ಣ ನೇಯುತ್ತಲೇ ಇದ್ದ. ಜಡೆ ಹಾಕಿ ಮುಗಿಸುವಷ್ಟರಲ್ಲಿ ಅವಳಿಗೆ ನಿದ್ದೆ ಬಂದಿತ್ತು. ಬಸ್ಸಿನ ಹೊತ್ತಾಗಿತ್ತು. ತಲೆಯಡಿಗೆ ಮೆಲ್ಲಗೆ ಸೀರೆ ಮಡಿಚಿ ಇಟ್ಟು ಎದ್ದೆ.

"ಹೇಳದೆ ಹೋದ್ಲು ಅಂತ ಎದ್ಮೇಲೆ ಬೈತಾಳೆ" ಎಂದ ಲಿಂಗಣ್ಣ, ಪಿಸುದನಿಯಲ್ಲಿ.

"ಬೈಲಿ. ಸಂಕ್ರಾಂತಿಗೆ ಬರ್ತೀನಲ್ಲ, ಬೈಸ್ಕೊಳ್ತೀನಿ" ಎಂದೆ.

ಕಾರ್ತಿಕದಲ್ಲೇ ಸುದ್ದಿ ಬಂತು. ಸಂಕ್ರಾಂತಿಗೆ ಹೋದೆ. ಬೇಲಿಯ ಹತ್ತಿರ ಬಹಳ ಹೊತ್ತು ನಿಂತಿದ್ದೆ. ಆ ಕಡೆಯಿಂದ ಯಾರೂ ಬೈಯಲಿಲ್ಲ.